ಕಾಲು ತಿಕ್ಕುವ ಕಲ್ಲು

ಕಲ್ಲು ಹಸಿ ಕಸವೋ ಒಣ ಕಸವೋ ಎಂಬ ಪ್ರಶ್ನೆ ನಿಮ್ಮ ಮನೆಯಲ್ಲಿ ಎಂದಾದರೂ ಎದ್ದಿದೆಯೇ? ನಮ್ಮ ಮನೆಯಲ್ಲಿ ಈ ಸಲದ ತಪಸ್ಸು ಕಾಲದಲ್ಲಿ ಎದ್ದಿತು. ತಪಸ್ಸು ಕಾಲವೆಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ. ನಾವು ಕ್ರೈಸ್ತರು ಮಾಂಸ ಬಿಟ್ಟು, ಸಿಟ್ಟು ಬಿಡಲು ನೋಡಿ, ಮನೆ ತೊಳೆಯುವ ಕಾಲ. ನಮ್ಮ ಸೊಸೆ ರೀನಾ ಮೂರನೆಯದನ್ನು ಬಹಳ ಮನಸ್ಸಿಟ್ಟು ಮಾಡುತ್ತಾಳೆ. ಮೊನ್ನೆ ಬಚ್ಚಲುಮನೆಗೆ ನುಗ್ಗಿದವಳು ಹಂಡೆಯ ಪಕ್ಕದಲ್ಲಿದ್ದ ಅಂಗೈಯಗಲದ ಕೆಂಪು ಕಲ್ಲೊಂದನ್ನು ಎತ್ತಿ ಒಣ ಕಸದ ಬುಟ್ಟಿಗೆ ಹಾಕಿದಳು. ಬೆಳಿಗ್ಗೆ ಸಾಗರದ ನಮ್ಮ ಬೀದಿಗೆ ಕಸದ ಗಾಡಿ ಹಾಡು ಹಾಕಿಕೊಂಡು ಬಂತು. ಗಾಡಿಯವನು ಬುಟ್ಟಿ ಬೋರಲು ಹಾಕಿದ, ಕಲ್ಲು ದಡಾರೆಂದು ಬಿತ್ತು. ಅವನು ಅದನ್ನು ಹೆಕ್ಕಿ ನಮ್ಮ ಗೇಟಿನ ಕಂಬದ ಮೇಲೆ ತಂದಿಟ್ಟ.

“ಕಲ್ಲೆಲ್ಲ ತಗಳಲ್ಲ ಅಕ್ಕ. ನಂಗೆ ಬೈತಾರೆ.”

“ಒಣಗೇ ಇದೆಯಲ್ಲಣ್ಣ,” ಎಂದಳು ರೀನಾ.

“ಒಣಗಿದ್ದೆಲ್ಲ ಒಣ ಕಸ ಆಗಲ್ಲ,” ಎಂದು ಅವನು ಮುಂದಿನ ಮನೆಗೆ ಹೋದ.

ನಾನು ಹೊರಗೆ ಬಂದು ಕಲ್ಲನ್ನು ಎತ್ತಿಕೊಂಡೆ. “ಇದು ಬಿಸಾಕೋದಲ್ಲ ಮಾರಾಯ್ತಿ. ನಮ್ಮಮ್ಮಂದು.”

“ಅಮ್ಮಂದು ಅಂದ್ರೆ ಸರ, ಬಳೆ ಇಟ್ಕೋತಾರೆ ಅತ್ತೆ. ನಿಮ್ದು ನೋಡಿದ್ರೆ ಕಲ್ಲು,” ಎಂದು ಅವಳು ನಕ್ಕಳು. ಅವಳು ಹೇಳಿದ್ದು ತಪ್ಪಲ್ಲ. ಅಮ್ಮನ ಸರ ನನ್ನ ತಂಗಿಗೆ ಹೋಯಿತು. ನನಗೆ ಬಂದದ್ದು ಈ ಕಲ್ಲು, ಮತ್ತು ಅಮ್ಮನ ಹಿಮ್ಮಡಿ.

ಹಿಮ್ಮಡಿಯ ವಿಷಯ ಹೇಳಿದರೆ ನೀವು ನಗಬಾರದು. ಚಳಿ ಶುರುವಾಯಿತೆಂದರೆ ನನ್ನ ಹಿಮ್ಮಡಿ ಬೇಸಿಗೆಯ ಗದ್ದೆಯಂತೆ ಬಿರಿಯುತ್ತದೆ. ಶಾಲೆಯಲ್ಲಿ ಟೀಚರಾಗಿದ್ದಷ್ಟು ವರ್ಷವೂ ಮಕ್ಕಳಿಗೆ ಕಾಣದಂತೆ ಸೀರೆಯನ್ನು ನೆಲಕ್ಕೆ ತಾಗುವ ಹಾಗೆ ಉಡುತ್ತಿದ್ದೆ. ಅಂಗಡಿಯಲ್ಲಿ ಸಿಗುವ ಮುಲಾಮುಗಳನ್ನೆಲ್ಲ ಹಚ್ಚಿ ಆಗಿದೆ. ನಿನ್ನ ಕಾಲು ತಾಗಿ ತಾಗಿ ಹೊದಿಕೆ ಹರಿಯುತ್ತಿದೆ ಎಂದು ನಮ್ಮ ಯಜಮಾನರು ಪ್ರತಿ ವರ್ಷ ದೂರು ಕೊಡುತ್ತಾರೆ, ಹೊದಿಕೆ ಮಾತ್ರ ಮದುವೆಯಲ್ಲಿ ಬಂದದ್ದೇ ಇನ್ನೂ ಇದೆ. ಅಮ್ಮನ ಮದ್ದು ಬೇರೆ. ಇಗರ್ಜಿಯ ಪೀಠದ ಮೇಲೆ ಉರಿದು ಉಳಿದ ಮೇಣದ ಬತ್ತಿಯ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, ತೆಂಗಿನೆಣ್ಣೆಗೆ ಹಾಕಿ ಕರಗಿಸಿ, ರಾತ್ರಿ ಮಲಗುವಾಗ ಬಿರುಕಿಗೆ ತುಂಬುತ್ತಿದ್ದಳು. ಇಗರ್ಜಿ ಎಂದರೆ ನಮ್ಮ ಚರ್ಚು, ಅಲ್ಲಿ ಪೂಜೆಯ ಮೇಜಿಗೆ ಪೀಠ ಎನ್ನುತ್ತೇವೆ. ಆ ಪೀಠದ ಹತ್ತಿರ ಹೋಗಲು ಅಮ್ಮನಿಗೆ ಶನಿವಾರ ಪರವಾನಗಿ ಇತ್ತು, ಪೊರಕೆ ಹಿಡಿದುಕೊಂಡು. ಭಾನುವಾರ ಇರಲಿಲ್ಲ. ಶನಿವಾರ ಅವಳು ಪೀಠದ ಬಟ್ಟೆ ಬದಲಿಸಿ, ಹೂವಿಟ್ಟು, ಮೇಣ ಕೆರೆದು, ಮೆಟ್ಟಿಲು ಒರೆಸಿ ಬರುತ್ತಿದ್ದಳು. ಭಾನುವಾರ ತಲೆಗೆ ಸೆರಗು ಹೊದ್ದು ಹೆಂಗಸರ ಸಾಲಿನಲ್ಲಿ, ಮೂರನೆಯ ಕಂಬದ ಹತ್ತಿರ ಕೂರುತ್ತಿದ್ದಳು. ಆ ಕಂಬಕ್ಕೆ ಒರಗಿದರೆ ಸೊಂಟಕ್ಕೆ ಹಿತವಂತೆ.

ನಮ್ಮ ಊರು ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ, ಕೈ ಮಾಡಿದರಷ್ಟೇ ಬಸ್ಸು ನಿಲ್ಲುವ ಒಂದು ಜಾಗ. ಅಜ್ಜನ ಕಾಲದಲ್ಲಿ ಘಟ್ಟದ ಕೆಳಗಿಂದ ಬಂದ ಕೆಲವೇ ಕ್ರೈಸ್ತ ಮನೆಗಳು, ಒಂದು ಪುಟ್ಟ ಇಗರ್ಜಿ. ಮನೆಯಲ್ಲಿ ನಮ್ಮದು ಜಪ ಕೊಂಕಣಿಯಲ್ಲಿ, ಜಗಳ ಕನ್ನಡದಲ್ಲಿ. ಅಪ್ಪ ಜಂಬಿಟ್ಟಿಗೆ ಕಲ್ಲಿನ ಮೇಸ್ತ್ರಿ. ಕೆಂಪು ಕಲ್ಲನ್ನು ಕೆತ್ತಿ ಅಳತೆಗೆ ತಂದು ಗೋಡೆ ಏರಿಸುವ ಕೆಲಸ. ಪಾಸ್ಕು ಮೇಸ್ತ್ರಿಯ ಗೋಡೆ ಎಂದರೆ ದಾರದಷ್ಟು ನೇರ ಎಂದು ತೀರ್ಥಹಳ್ಳಿಯವರೆಗೂ ಹೆಸರಿತ್ತು. ಹೆಸರಿನ ಜೊತೆಗೆ ಕೆಂಪು ಹುಡಿಯೂ ಇತ್ತು. ಅಪ್ಪನ ಅಂಗಿ, ಕಿವಿ, ಊಟದ ಬುತ್ತಿ ಎಲ್ಲವೂ ಕೆಂಪು, ಕಾಲಂತೂ ಕೇಳುವುದೇ ಬೇಡ. ಈ ಕಾಲು ತಿಕ್ಕುವ ಕಲ್ಲು ಅವರೇ ಯಾವುದೋ ಗೋಡೆಯಿಂದ ಉಳಿದ ತುಂಡನ್ನು ತಂದುಕೊಟ್ಟದ್ದು. ಅಮ್ಮ ಅದನ್ನು ಬಳಸಿ ಬಳಸಿ ಒಂದು ಬದಿಯನ್ನು ಕನ್ನಡಿಯಷ್ಟು ನುಣುಪು ಮಾಡಿದ್ದಳು.

ಸಂಜೆಯ ಜಪ ಮಾಡಿಸುವವಳು ಅಮ್ಮ. ಮನೆಯೊಳಗೆ ಅವಳೇ ಗುರು, ಅವಳೇ ಉಪದೇಶಿ. ಜಪಸರದ ಮಣಿ ಎಣಿಸುತ್ತಲೇ ಒಲೆಯ ಮೇಲಿನ ಸಾರಿನ ವಾಸನೆ ಹಿಡಿಯುತ್ತಿದ್ದಳು. ಮರಿಯಮ್ಮನಿಗೆ ನಮಸ್ಕಾರ ಹೇಳುವ ನಡುವೆ “ತೆರೆಜ, ಬೆಂಕಿ ಹಿಂದೆ ಎಳಿ” ಎಂದು ನನಗೆ ಹೇಳುವ ಮಾತೂ ಅದೇ ರಾಗದಲ್ಲಿ ಬರುತ್ತಿತ್ತು. ಮುಗಿದ ಮೇಲೆ ನಾವು ಮಕ್ಕಳು ಕೈ ಮುಗಿದು ದೊಡ್ಡವರ ಆಶೀರ್ವಾದ ಕೇಳಬೇಕು. ಮೊದಲು ಅಪ್ಪನ ಹತ್ತಿರ. ಅಪ್ಪ ಗೋಡೆಗೊರಗಿ ನಿದ್ದೆ ಹೋಗಿರುತ್ತಿದ್ದರು, ನಮ್ಮ ಸದ್ದಿಗೆ ಬೆಚ್ಚಿ ಎದ್ದು ಯಾರ ತಲೆ ಸಿಕ್ಕಿತೋ ಅದರ ಮೇಲೆ ಕೈಯಿಡುತ್ತಿದ್ದರು. ಒಮ್ಮೆ ನಮ್ಮ ನಾಯಿಗೂ ಆಶೀರ್ವಾದ ಆಗಿಹೋಯಿತು.

ಇನ್ನು ಕಾಲಿನ ವಿಷಯಕ್ಕೆ ಬರುತ್ತೇನೆ. ಯೇಸುಸ್ವಾಮಿ ಸಾಯುವ ಹಿಂದಿನ ಸಂಜೆ ತಮ್ಮ ಹನ್ನೆರಡು ಶಿಷ್ಯರ ಕಾಲು ತೊಳೆದು ಒರೆಸಿದರು. ಅದರ ನೆನಪಿಗೆ ಈಸ್ಟರಿನ ಮುಂಚಿನ ಗುರುವಾರ ಇಗರ್ಜಿಯಲ್ಲಿ ಹನ್ನೆರಡು ಜನರನ್ನು ಕೂರಿಸಿ ಫಾದರ್ ಅವರ ಕಾಲು ತೊಳೆಯುತ್ತಾರೆ. ನನ್ನ ಬಾಲ್ಯದಲ್ಲಿ ಹನ್ನೆರಡು ಜನರೆಂದರೆ ಹನ್ನೆರಡು ಗಂಡಸರು. ನಮ್ಮದು ಸಣ್ಣ ಇಗರ್ಜಿಯಾದ್ದರಿಂದ ಹನ್ನೆರಡು ಗಂಡಸರನ್ನು ಹೊಂದಿಸುವಷ್ಟರಲ್ಲಿ ಫಾದರಿಗೆ ಸಾಕುಸಾಕಾಗುತ್ತಿತ್ತು. ಒಬ್ಬನಿಗೆ ನಾಚಿಕೆ, ಒಬ್ಬನಿಗೆ ಉಗುರುಸುತ್ತು, ಒಬ್ಬ ಗುರುವಾರ ಸಂಜೆಯ ಹೊತ್ತಿಗೆ ಕಾಲ ಮೇಲೆ ನಿಲ್ಲುವ ಸ್ಥಿತಿಯಲ್ಲೇ ಇರುತ್ತಿರಲಿಲ್ಲ. ಇಗರ್ಜಿಯ ತುಂಬ ಹೆಂಗಸರು ಕೂತಿರುವಾಗ ಫಾದರ್ ಗಂಡಸರನ್ನು ಹುಡುಕಿಕೊಂಡು ಮನೆಮನೆ ಅಲೆಯುತ್ತಿದ್ದರು. ಹೀಗಾಗಿ ಕರೆದಾಗ ಇಲ್ಲವೆನ್ನದ ನಮ್ಮಪ್ಪ ಪ್ರತಿ ವರ್ಷವೂ ಶಿಷ್ಯರಲ್ಲೊಬ್ಬರು.

ಕುರ್ಚಿಗಾಗಿ ಬೇರೆಯೇ ತಳ್ಳಾಟ. ಹನ್ನೆರಡು ಕುರ್ಚಿಗಳಲ್ಲಿ ಕೊನೆಯದು ಜುದಾಸನದು ಎಂದು ನಮ್ಮೂರಿನವರು ತೀರ್ಮಾನಿಸಿಬಿಟ್ಟಿದ್ದರು. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಅವನು. ಬೈಬಲಿನಲ್ಲಿ ಕುರ್ಚಿಯ ಲೆಕ್ಕ ಎಲ್ಲೂ ಇಲ್ಲ. ಆದರೂ ಆ ಕುರ್ಚಿಯಲ್ಲಿ ಕೂತವನನ್ನು ಮುಂದಿನ ಈಸ್ಟರಿನವರೆಗೂ ಜುದಾಸ ಎಂದೇ ಕರೆಯುತ್ತಿದ್ದರು. ಆದ್ದರಿಂದ ಬಿಳಿ ಪಂಚೆ ಉಟ್ಟ ಭಕ್ತರು ಬಸ್ಸಿನಲ್ಲಿ ಸೀಟು ಹಿಡಿಯುವ ಹಾಗೆ ಮುಂದಿನ ಕುರ್ಚಿಗಳನ್ನು ಹಿಡಿಯುತ್ತಿದ್ದರು. ಅಪ್ಪನಿಗೆ ತಳ್ಳಾಡಲು ಬರುತ್ತಿರಲಿಲ್ಲ, ಕೊನೆಯದರಲ್ಲಿ ಹೋಗಿ ಕೂರುತ್ತಿದ್ದರು. ಶಾಲೆಯಲ್ಲಿ ನನ್ನನ್ನು ಜುದಾಸನ ಮಗಳು ಎಂದು ಅಣಕಿಸಿದ ಹುಡುಗಿಯ ಜಡೆ ಹಿಡಿದು ಎಳೆದದ್ದು ನನಗೆ ಇನ್ನೂ ನೆನಪಿದೆ. ಆ ವರ್ಷ ಸಿಟ್ಟು ಬಿಡಲು ಆಗಿರಲಿಲ್ಲ.

ಇಷ್ಟಕ್ಕೂ ಫಾದರ್ ತೊಳೆಯುತ್ತಿದ್ದದ್ದು ತೊಳೆದ ಕಾಲನ್ನೇ. ಗುರುವಾರ ಮಧ್ಯಾಹ್ನ ಊರಿನ ಎಲ್ಲ ಶಿಷ್ಯರ ಮನೆಯ ಬಚ್ಚಲಿನಲ್ಲೂ ನೀರು ಕಾಯುತ್ತಿತ್ತು. ನಮ್ಮಲ್ಲಿ ಅಪ್ಪನನ್ನು ಮಣೆಯ ಮೇಲೆ ಕೂರಿಸಿ, ಅಮ್ಮ ಕೆಳಗೆ ಕುಕ್ಕರಗಾಲಲ್ಲಿ ಕೂತು, ಈ ಕಲ್ಲಿನಿಂದ ಗಸಗಸ ತಿಕ್ಕುತ್ತಿದ್ದಳು. ಬಕೆಟ್ಟಿನ ನೀರು ಕೆಂಪಾಗಿ, ಮತ್ತೆ ಬದಲಿಸಿ, ಮತ್ತೆ ಕೆಂಪಾಗಿ, ಕೊನೆಗೆ ತಿಳಿಯಾಗುವವರೆಗೂ ಬಿಡುತ್ತಿರಲಿಲ್ಲ. ಇಗರ್ಜಿಯಲ್ಲಿ ತೊಳೆಯುವುದು ಬಲಗಾಲು ಒಂದನ್ನೇ. ಅಮ್ಮ ಎರಡನ್ನೂ ತಿಕ್ಕುತ್ತಿದ್ದಳು.

“ಎಡದ್ದು ಬಿಡೇ, ಯಾರು ನೋಡ್ತಾರೆ?” ಎನ್ನುತ್ತಿದ್ದರು ಅಪ್ಪ.

“ಎಡಗಾಲು ಎಂತ ಪಾಪ ಮಾಡಿದೆ? ಸುಮ್ನೆ ಕೂತ್ಕೊಳ್ಳಿ.”

ಅವಳ ಹಟಕ್ಕೆ ಇನ್ನೊಂದು ಕಾರಣವೂ ಇತ್ತು. ಫಾದರ್ ಕಾಲು ಒರೆಸುವ ಬಿಳಿ ಟವಲುಗಳನ್ನು ಹಬ್ಬ ಮುಗಿದ ಮೇಲೆ ಒಗೆಯುವವಳು ಅವಳೇ. ಜಂಬಿಟ್ಟಿಗೆ ಕಲೆ ಬಿಳಿ ಬಟ್ಟೆಗೆ ಹತ್ತಿದರೆ ಜನ್ಮದಲ್ಲಿ ಹೋಗುವುದಿಲ್ಲ. ಪಾಸ್ಕು ಮೇಸ್ತ್ರಿಯ ಕಾಲಿನಿಂದ ಟವಲಿಗೆ ಒಂದು ಚುಕ್ಕೆ ಕೆಂಪೂ ತಾಗಿದ್ದಿಲ್ಲ ಎನ್ನುವುದು ಅಮ್ಮನ ಹೆಮ್ಮೆಯಾಗಿತ್ತು. ಸಂಜೆ ಕಾಲು ತೊಳೆದಾದ ಮೇಲೆ ಇಗರ್ಜಿಯಲ್ಲಿ ಅಪ್ಪನಿಗೆ ಒಂದು ದೊಡ್ಡ ಬನ್ನು ಕೊಡುತ್ತಿದ್ದರು. ಅಮ್ಮ ಅದನ್ನು ಹೋಳು ಮಾಡಿ ನಮಗೆಲ್ಲ ಹಂಚಿ, ಚಾಕುವಿಗೆ ಹತ್ತಿದ ಪುಡಿಯನ್ನು ಬಾಯಿಗೆ ಹಾಕಿಕೊಂಡು, ಒಳ್ಳೆ ಬನ್ನು ಎನ್ನುತ್ತಿದ್ದಳು.

ಪಕ್ಕದ ಮನೆಯ ಗೌರಕ್ಕ ಈ ತಿಕ್ಕಾಟವನ್ನು ಬೇಲಿಯಾಚೆಯಿಂದ ಒಮ್ಮೆ ನೋಡಿದರು. “ನಮ್ಮಲ್ಲಿ ಮದುವೇಲಿ ಅಳಿಯನ ಕಾಲು ತೊಳೀತೀವಿ. ನಿಮ್ಮಲ್ಲಿ ಸ್ವಾಮಿಗಳೇ ತೊಳೀತಾರಾ ಸೆಲಿನಮ್ಮ?” ಎಂದು ಕೇಳಿದರು.

“ಹೌದು, ಗಂಡಸರದ್ದು.”

“ಹೆಂಗಸರದ್ದು?”

“ಇಲ್ಲ.”

“ಸರಿ ಹೋಯ್ತು ಬಿಡು,” ಎಂದರು ಗೌರಕ್ಕ. ಇಬ್ಬರೂ ತುಂಬ ಹೊತ್ತು ನಕ್ಕರು. ಅಪ್ಪ ಮಾತ್ರ ಒದ್ದೆ ಕಾಲು ಮೇಲೆತ್ತಿಕೊಂಡು ಇದರಲ್ಲಿ ನಗುವಂಥದ್ದು ಏನಿದೆ ಎಂಬ ಮುಖದಲ್ಲಿ ಕೂತಿದ್ದರು.

ಅಮ್ಮನ ಮನಸ್ಸಿನಲ್ಲಿ ಏನಿತ್ತೆಂದು ನನಗೆ ತಿಳಿದದ್ದು ನಾನು ಮದುವೆಯಾಗಿ ಸಾಗರಕ್ಕೆ ಬಂದ ಮೇಲೆ. ಒಂದು ಹಬ್ಬಕ್ಕೆ ಊರಿಗೆ ಹೋಗಿದ್ದೆ. ರಾತ್ರಿ ಅವಳು ಮೇಣ ಹಚ್ಚಿಕೊಳ್ಳುತ್ತಿದ್ದಳು. ಬೆನ್ನು ಬಗ್ಗದೆ ಒದ್ದಾಡುತ್ತಿದ್ದುದನ್ನು ನೋಡಿ ನಾನು ಹಚ್ಚುತ್ತೇನೆ ಕೊಡು ಎಂದೆ. ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

“ಬೇಡ. ನನ್ನ ಕಾಲು ಯಾರೂ ಮುಟ್ಟಿ ಗೊತ್ತಿಲ್ಲ. ಕಚಗುಳಿ ಆಗುತ್ತೆ.” ಆಮೇಲೆ ಮೇಣದ ಬಟ್ಟಲನ್ನು ನೋಡುತ್ತಾ ಹೇಳಿದಳು. “ಆ ಜುದಾಸಂಗೂ ಯೇಸು ಕಾಲು ತೊಳೆದ್ರಂತೆ ತೆರೆಜ. ಹಿಡಿದು ಕೊಡ್ತಾನೆ ಅಂತ ಗೊತ್ತಿದ್ದೂ ತೊಳೆದ್ರು. ನಾವು ಅವನಿಗಿಂತ ಕಡೆಯಾ? ಒಂದೇ ಒಂದು ಸಲ ನಾನೂ ಆ ಕುರ್ಚೀಲಿ ಕೂರಬೇಕು ಅಂತ ಆಸೆ. ಕೊನೇದಾದ್ರೂ ಸರಿ.”

ನಾನು ಬಟ್ಟಲನ್ನು ಒಲೆಯ ಮೇಲೆ ಹಿಡಿದು ಮೇಣವನ್ನು ಮತ್ತೆ ಕರಗಿಸಿ ಕೊಟ್ಟೆ.

ಹಲವು ವರ್ಷ ಕಳೆದ ಮೇಲೆ ರೋಮಿನಿಂದ ಪೋಪರ ಮಾತು ಬಂತು, ಇನ್ನು ಮೇಲೆ ಹೆಂಗಸರ ಕಾಲನ್ನೂ ತೊಳೆಯಬಹುದು ಎಂದು. ಆಗ ಊರಿನಲ್ಲಿದ್ದ ಫಾದರ್ ಭಾನುವಾರದ ಪೂಜೆಯಲ್ಲಿ ಅದನ್ನು ಓದಿ ಹೇಳಿ, ಒಪ್ಪಿಗೆ ಇರುವ ಹೆಂಗಸರು ಕೈಯೆತ್ತಿ ಎಂದರು. ನಾನು ಅಲ್ಲಿರಲಿಲ್ಲ, ತಂಗಿ ಫೋನಿನಲ್ಲಿ ಹೇಳಿದಳು. ಮೂರನೆಯ ಕಂಬದ ಹತ್ತಿರ ಅಮ್ಮನ ಕೈ ಮೇಲೆದ್ದಿತಂತೆ. ಅವಳೊಬ್ಬಳದೇ ಕೈ. ಇಗರ್ಜಿಯಲ್ಲಿ ಅಮ್ಮ ಕೈ ಎತ್ತಿದ್ದು ಕಂಬದ ಮೇಲಿನ ಜೇಡರ ಬಲೆ ತೆಗೆಯಲು ಮಾತ್ರ ಎಂದು ನಾವಿಬ್ಬರೂ ಫೋನಿನಲ್ಲೇ ನಕ್ಕೆವು. ಆಮೇಲೆ ತಂಗಿ ಅತ್ತಳು.

ಅದರ ಮರುವಾರ ಗುರ್ಕಾರರ ಸಭೆ. ಗುರ್ಕಾರರೆಂದರೆ ಇಗರ್ಜಿಯ ಕೆಲಸ ನೋಡಿಕೊಳ್ಳುವ ಹಿರಿಯರು, ಅಪ್ಪನೂ ಅವರಲ್ಲೊಬ್ಬರು. ಹೆಂಗಸರು ಸೀರೆ ಎತ್ತಿ ಎಲ್ಲರೆದುರು ಕೂತರೆ ಚಂದವೇ ಎಂದು ಒಬ್ಬರು ಕೇಳಿದರಂತೆ. ನಮ್ಮಲ್ಲಿ ಪದ್ಧತಿ ಇಲ್ಲ ಎಂದು ಇನ್ನೊಬ್ಬರು. ಫಾದರ್ ವಯಸ್ಸಿನಲ್ಲಿ ಚಿಕ್ಕವರು, ಹಿರಿಯರನ್ನು ಎದುರು ಹಾಕಿಕೊಳ್ಳಲು ಹಿಂಜರಿದರು. ಈ ವರ್ಷ ಬೇಡ, ಮುಂದೆ ನೋಡೋಣ ಎಂದು ತೀರ್ಮಾನವಾಯಿತು. ಅಪ್ಪ ಮನೆಗೆ ಬಂದು ಗಂಜಿಗೆ ಕೂತು ಅದನ್ನು ಹೇಳಿದರು.

“ನೀವೆಂತ ಅಂದ್ರಿ?” ಎಂದು ಕೇಳಿದಳು ಅಮ್ಮ.

“ನಾನೆಂತ ಅನ್ಲಿ? ಎಲ್ಲರೂ ಬೇಡ ಅಂದ್ಮೇಲೆ.”

ಅಮ್ಮ ಗಂಜಿಗೆ ಚಟ್ನಿ ಬಡಿಸಿದಳು. ಅವಳು ಜಗಳವಾಡಲಿಲ್ಲ, ಅದೇ ಅಪ್ಪನಿಗೆ ಸಂಕಟವಾದದ್ದು. ಆ ಗುರುವಾರಕ್ಕೆ ನಾನು ಊರಿಗೆ ಹೋಗಿದ್ದೆ. ಮಧ್ಯಾಹ್ನ ನೀರು ಕಾಯಿಸಿ, ಮಣೆ ಹಾಕಿ, ಅಮ್ಮ ಎಂದಿನಂತೆ ಅಪ್ಪನ ಕಾಲು ತಿಕ್ಕಿದಳು. ಆ ಸಲದ ತಿಕ್ಕುವಿಕೆ ಸ್ವಲ್ಪ ಜೋರಾಗಿಯೇ ಇತ್ತು. ಅಪ್ಪ ಹಲ್ಲು ಕಚ್ಚಿಕೊಂಡು ಕೂತಿದ್ದರು. ಎಡಗಾಲನ್ನು ಅವಳು ಆ ವರ್ಷವೂ ಬಿಡಲಿಲ್ಲ. ಸಂಜೆ ಇಗರ್ಜಿಯಲ್ಲಿ ಕಂಬಕ್ಕೊರಗಿ ಕೂತು, ಹನ್ನೆರಡು ಗಂಡಸರ ಕಾಲು ತೊಳೆಯುವುದನ್ನು ಕತ್ತು ಚಾಚಿ ನೋಡಿದಳು. ಟವಲುಗಳನ್ನು ಲೆಕ್ಕ ಮಾಡಿ ಮನೆಗೆ ತಂದಳು.

ಆ ಮಳೆಗಾಲದಲ್ಲಿ ಅಮ್ಮ ಹೋದಳು. ಜ್ವರವೆಂದು ಮಲಗಿದವಳು ಏಳಲಿಲ್ಲ. ನಮ್ಮಲ್ಲಿ ತೀರಿಕೊಂಡವರಿಗೆ ಸ್ನಾನ ಮಾಡಿಸಿ ಹೊಸ ಸೀರೆ ಉಡಿಸುತ್ತಾರೆ. ಗಂಡಸರೆಲ್ಲ ಹೊರಗೆ ಜಗಲಿಯಲ್ಲಿದ್ದರು, ನಾನೂ ತಂಗಿಯೂ ಒಳಗೆ ಅವಳ ಕಾಲು ತೊಳೆದೆವು. ಬಿರುಕುಗಳಲ್ಲಿ ಮೇಣ ಇನ್ನೂ ಇತ್ತು. ಕಚಗುಳಿಯಾಗುತ್ತದೆ ಎಂದು ಕಾಲು ಎಳೆದುಕೊಳ್ಳುತ್ತಾಳೇನೋ ಎಂದು ನಾನು ಮೆಲ್ಲಗೆ ಮುಟ್ಟಿದೆ. ಆಮೇಲೆ ಬಿಳಿ ಕಾಲುಚೀಲ ಹಾಕಿ, ಅಪ್ಪನನ್ನು ಒಳಗೆ ಕರೆದೆವು.

ಅಂದಿನಿಂದ ಅಪ್ಪ ಸಾಗರದಲ್ಲಿ ನಮ್ಮ ಜೊತೆ ಇದ್ದಾರೆ. ಎಂಬತ್ತು ದಾಟಿದೆ. ಬರುವಾಗ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ನಾಲ್ಕು ಅಂಗಿ, ಗೋಡೆಯ ನೇರ ನೋಡುವ ತೂಗುಗುಂಡು, ಮತ್ತು ಹಳೆಯ ಪಂಚೆಯಲ್ಲಿ ಸುತ್ತಿದ ಈ ಕಲ್ಲು ಇತ್ತು. ಕಲ್ಲು ಯಾಕೆ ತಂದಿರಿ ಎಂದು ನಾನು ಕೇಳಲಿಲ್ಲ, ಬಚ್ಚಲಿನಲ್ಲಿ ಇಟ್ಟೆ. ಅವರು ಕಾಲು ತೊಳೆಸಿಕೊಳ್ಳಲು ಮತ್ತೆ ಎಂದೂ ಕೂರಲಿಲ್ಲ. ಮೊಣಕಾಲು ನೋವು ಎನ್ನುತ್ತಿದ್ದರು. ಮೊಣಕಾಲು ನೋವಿರುವುದು ನಿಜ, ಆದರೆ ಕಾಲು ಚಾಚಿ ಕೂರಲು ಮೊಣಕಾಲಿನದೇನು ಅಡ್ಡಿ?

ಇಲ್ಲಿ ಈಗಿನ ನಮ್ಮ ಇಗರ್ಜಿಯಲ್ಲಿ ಕೆಲವು ವರ್ಷಗಳಿಂದ ಆರು ಗಂಡಸರು, ಆರು ಹೆಂಗಸರು. ಅದರ ಬಗ್ಗೆ ಯಾರೂ ಎರಡು ಮಾತು ಆಡುವುದಿಲ್ಲ. ಭಾನುವಾರ ಬೈಬಲಿನ ವಾಚನ ಓದುವವರು ಹೆಂಗಸರೇ ಹೆಚ್ಚು. ಅಮ್ಮ ಅಷ್ಟು ಆಸೆಪಟ್ಟದ್ದು ಇಲ್ಲಿ ಸೀರೆ ಪಿನ್ನು ಸರಿಮಾಡಿಕೊಂಡು ಹೋಗಿ ಕೂತು ಬರುವಷ್ಟು ಸಲೀಸು. ನನ್ನನ್ನು ಕರೆದಾಗಲೆಲ್ಲ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅಮ್ಮನಿಗೆ ಸಿಗದ್ದು ನನಗೆ ಯಾಕೆ ಬೇಕು ಎಂಬ ಹಟ ಒಂದು, ಮನೆಯಲ್ಲಿ ಅಪ್ಪ ಇದ್ದಾರಲ್ಲ ಎಂಬುದು ಇನ್ನೊಂದು. ಈ ವರ್ಷ ಫಾದರ್ ಬಿಡಲಿಲ್ಲ.

“ಟೀಚರ್, ಪ್ರತಿ ವರ್ಷ ನಿಮ್ಮ ಮನೆಗೆ ಗುರುವಾರವೇ ನೆಂಟರು ಬರೋದಾ? ಈ ಸಲ ನಿಮ್ಮನ್ನ ಸೇರಿಸಿಯಾಯ್ತು,” ಎಂದರು.

ಮನೆಯಲ್ಲಿ ಯಾರಿಗೂ ಹೇಳಬಾರದೆಂದಿದ್ದೆ. ಆದರೆ ಫಾದರ್ ಹೇಳಿದ್ದನ್ನು ಪಕ್ಕದಲ್ಲಿದ್ದ ರೀನಾ ಕೇಳಿಸಿಕೊಂಡಿದ್ದಳು, ಅವಳಿಗೆ ಯಾವುದೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ರಾತ್ರಿ ಊಟಕ್ಕೆ ಕೂತಾಗ, “ಅಜ್ಜ, ಈ ಗುರುವಾರ ಫಾದರ್ ಅತ್ತೆ ಕಾಲು ತೊಳೀತಾರೆ, ಗೊತ್ತಾ?” ಎಂದು ಹೇಳಿಯೇಬಿಟ್ಟಳು. ಅಪ್ಪ ತಲೆಯೆತ್ತದೆ ಊಟ ಮುಗಿಸಿ ಎದ್ದು ಹೋದರು. ಫಾದರಿಗೆ ಫೋನು ಮಾಡಿ ಈ ಸಲವೂ ನೆಂಟರು ಬರುತ್ತಾರೆಂದು ಹೇಳಿಬಿಡುವುದೆಂದು ನಿಶ್ಚಯಿಸಿದೆ.

ಗುರುವಾರ ಮಧ್ಯಾಹ್ನವಾದರೂ ಫೋನು ಮಾಡಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಎತ್ತಿಡುತ್ತಾ, ಈಗ ಮಾಡುತ್ತೇನೆ, ಇನ್ನು ಸ್ವಲ್ಪ ಹೊತ್ತಿಗೆ ಮಾಡುತ್ತೇನೆ ಎಂದುಕೊಳ್ಳುತ್ತಿದ್ದೆ. ಬಚ್ಚಲಿನಿಂದ ಕರಕರ ಎಂದು ಏನೋ ಕೆರೆಯುವ ಸದ್ದು ಬಂತು. ಹೋಗಿ ನೋಡಿದರೆ ಅಪ್ಪ ಬಚ್ಚಲ ಕಟ್ಟೆಯ ಮೇಲೆ ಕೂತು, ಹಳೆಯ ಕತ್ತಿಯಿಂದ ಅಮ್ಮನ ಕಲ್ಲನ್ನು ಕೆರೆಯುತ್ತಿದ್ದಾರೆ. ಅಮ್ಮ ಅಷ್ಟು ವರ್ಷ ಸವೆಸಿ ನುಣುಪು ಮಾಡಿದ್ದ ಬದಿ ಆಗಲೇ ಒರಟಾಗಿ ಹೊಸ ಕಲ್ಲಿನ ಹಾಗೆ ಕೆಂಪಗೆ ಎದ್ದಿತ್ತು.

“ಅಪ್ಪ, ಇದೆಂತ ಮಾಡ್ತಿದೀರಿ?”

“ಸವೆದು ಹೋಗಿತ್ತು. ಹಿಡಿತ ಇರ್ಲಿಲ್ಲ.” ಮೇಸ್ತ್ರಿಗೆ ನುಣುಪಾದ ಕಲ್ಲೆಂದರೆ ಕೆಟ್ಟ ಕಲ್ಲು, ಗಾರೆ ಹಿಡಿಯದ ಕಲ್ಲು. ಅವರು ಅದನ್ನು ಸರಿಮಾಡಿದ್ದರು. “ಮಣೆ ಹಾಕ್ಕೊಂಡು ಕೂತ್ಕೊ. ಕಾಲು ಕೊಡು.”

“ಬೇಡ ಅಪ್ಪ. ನೀವು ಬಗ್ಗೋಕಾಗಲ್ಲ.”

“ನಾನು ಬಗ್ಗಲ್ಲ. ನೀನು ಮೇಲೆ ಇಡು.”

ಮಣೆಯ ಮೇಲೆ ಕೂತರೆ ನನ್ನ ಕಾಲು ಅವರಿಗೆ ಎಟುಕುತ್ತಿರಲಿಲ್ಲ. ಕೊನೆಗೆ ನಾನು ಪ್ಲಾಸ್ಟಿಕ್ ಕುರ್ಚಿ ತಂದು ಕೂತೆ. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕಾಲಿಟ್ಟೆ. ಇಬ್ಬರಲ್ಲಿ ಯಾರು ಮೊದಲು ಜಾರಿ ಬೀಳುತ್ತಾರೋ ಎಂದು ರೀನಾ ಬಾಗಿಲಲ್ಲಿ ನಿಂತು ಕಾಯುತ್ತಿದ್ದಳು, ಅಪ್ಪನ ಮುಖ ನೋ‍ಡಿ ಮೆಲ್ಲಗೆ ಒಳಗೆ ಹೋದಳು. ಅಪ್ಪ ಚೊಂಬಿನಿಂದ ಬಿಸಿನೀರು ಹೊಯ್ದು, ಸೋಪು ಹಚ್ಚಿ ತಿಕ್ಕತೊಡಗಿದರು. ಕಲ್ಲು ಕೆತ್ತುವ ಕೈಗೆ ಕಾಲು ತಿಕ್ಕುವ ಹದ ಎಲ್ಲಿಂದ ಬರಬೇಕು? ಉರಿಯಿತು. ಅಪ್ಪ ಆ ವರ್ಷ ಹಲ್ಲು ಕಚ್ಚಿದ ಹಾಗೆ ನಾನೂ ಹಲ್ಲು ಕಚ್ಚಿದೆ. ಅಪ್ಪ ಹಿಮ್ಮಡಿಯನ್ನು ಬೆಳಕಿಗೆ ತಿರುಗಿಸಿ, ಬಿರುಕುಗಳ ಮೇಲೆ ಹೆಬ್ಬೆರಳು ಆಡಿಸಿದರು.

“ಅವಳದ್ದೂ ಹಿಂಗೇ ಇತ್ತಾ?”

“ಯಾರದ್ದು ಅಪ್ಪ?”

“ನಿಮ್ಮಮ್ಮಂದು.”

“ಹಿಂಗೇ ಇತ್ತು. ಇದಕ್ಕಿಂತ ಜಾಸ್ತಿ.”

“ನಾನು ನೋಡೇ ಇರ್ಲಿಲ್ಲ ನೋಡು,” ಎಂದರು. ಮತ್ತೆ ನೀರು ಹೊಯ್ದು, ಮತ್ತೆ ತಿಕ್ಕಿ, “ಅವತ್ತು ಸಭೇಲಿ ನಾನೊಂದು ಮಾತು ಆಡಬಹುದಿತ್ತು ತೆರೆಜ. ಅವಳ ಕೈ ಒಂದೇ ಮೇಲಿತ್ತು. ನನ್ನ ಬಾಯಿ ಏಳಲಿಲ್ಲ,” ಎಂದರು.

ಅಪ್ಪ ನನ್ನ ಕಾಲನ್ನು ಬಕೆಟ್ಟಿನಿಂದ ಇಳಿಸಿ, “ಎಡದ್ದು ಕೊಡು,” ಎಂದರು.

ಸಂಜೆ ಇಗರ್ಜಿಯಲ್ಲಿ ಹನ್ನೆರಡು ಕುರ್ಚಿಗಳು ಸಾಲಾಗಿದ್ದವು. ಇಲ್ಲಿಯವರಿಗೆ ಜುದಾಸನ ಕುರ್ಚಿಯ ಕಥೆ ಗೊತ್ತಿಲ್ಲ, ಕೊನೆಯದರಲ್ಲಿ ನಾನು ಹೋಗಿ ಕೂತಾಗ ಯಾರೂ ನಗಲಿಲ್ಲ. ಎದುರಿನ ಬೆಂಚಿನಲ್ಲಿ ಅಪ್ಪ, ನಮ್ಮ ಯಜಮಾನರು, ರೀನಾ ಕೂತಿದ್ದರು. ಅಪ್ಪನ ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಫಾದರ್ ಒಬ್ಬೊಬ್ಬರ ಮುಂದೆ ಮೊಣಕಾಲೂರುತ್ತಾ ಬರುತ್ತಿದ್ದರು. ನನಗೆ ಅಮ್ಮ ಬೇಕಾಗಿದ್ದಳು. ಅವಳು ಈ ಕುರ್ಚಿಯಲ್ಲಿ ಕೂತು, ನಾನು ಆ ಬೆಂಚಿನಿಂದ ಕತ್ತು ಚಾಚಿ ನೋಡಬೇಕಾಗಿತ್ತು. ಅದು ಬಿಟ್ಟು ಬೇರೇನೂ ಬೇಡವೆನ್ನಿಸಿತು.

ಫಾದರ್ ನನ್ನ ಬಲಗಾಲಿನ ಮೇಲೆ ನೀರು ಹೊಯ್ದರು. ಬೆಚ್ಚಗಿತ್ತು. ತೊಳೆದ ಕಾಲನ್ನೇ ತೊಳೆದು, ಬಿಳಿ ಟವಲಿನಿಂದ ಒರೆಸಿದರು. ಟವಲಿನ ಮೇಲೆ ಕೆಂಪು ಮೂಡಿತು. ಅಪ್ಪ ಹೊಸದಾಗಿ ಎಬ್ಬಿಸಿದ ಕಲ್ಲಿನ ಹುಡಿ ನನ್ನ ಹಿಮ್ಮಡಿಯ ಬಿರುಕುಗಳಲ್ಲಿ ಕೂತದ್ದು ಈಗ ಹೊರಗೆ ಬಂದಿತ್ತು. ರಕ್ತವೇನೋ ಎಂದು ಫಾದರ್ ಗಾಬರಿಯಿಂದ ತಲೆಯೆತ್ತಿದರು. ಅಲ್ಲ ಫಾದರ್, ಕಲ್ಲು ಎಂದೆ. ಅವರಿಗೆ ಏನು ತಿಳಿಯಿತೋ, ಇನ್ನೊಮ್ಮೆ ಒರೆಸಿ ಎದ್ದರು.

ನಾನು ಅಪ್ಪನ ಕಡೆ ನೋಡಿದೆ. ಅವರು ಆ ಟವಲನ್ನೇ ನೋಡುತ್ತಿದ್ದರು. ಅಷ್ಟು ವರ್ಷ ಒಂದು ಚುಕ್ಕೆ ಬೀಳಲು ಅಮ್ಮ ಬಿಟ್ಟಿರಲಿಲ್ಲ. ಅವಳು ಅಲ್ಲಿದ್ದಿದ್ದರೆ ಮನೆಗೆ ಹೋಗುವವರೆಗೂ ಕಾಯುತ್ತಿರಲಿಲ್ಲ, ಪೂಜೆಯ ನಡುವೆಯೇ ಸೆರಗು ಅಡ್ಡ ಹಿಡಿದು ಅಪ್ಪನ ಕಿವಿಯಲ್ಲಿ, “ಒಂದು ಕಾಲು ತಿಕ್ಕೋಕೂ ಬರಲ್ವಾ ನಿಮಗೆ?” ಎಂದು ಕೇಳುತ್ತಿದ್ದಳು. ಅಪ್ಪ ಆ ಬೈಗುಳಕ್ಕಾಗಿಯೇ ಎನ್ನುವಂತೆ ಪಕ್ಕದ ಖಾಲಿ ಜಾಗದ ಕಡೆಗೆ ಸ್ವಲ್ಪ ವಾಲಿಕೊಂಡು ಕೂತಿದ್ದರು.